ಅಲ್ಯೂಮಿನಿಯಂ ಬೆಸುಗೆಗೆ ಟಂಗ್‌ಸ್ಟನ್ ಮೊನೆ

ಅಲ್ಯೂಮಿನಿಯಂ ಬೆಸೆಯುವಾಗ ಟಿಗ್ ಟಾರ್ಚಿನೊಳಗಿನ ಟಂಗ್‌ಸ್ಟನ್ ಕಡ್ಡಿ ಕರಗಬಾರದು. ಆದರೆ ಅದರ ತುದಿ ಒಂದಿಷ್ಟು ಕರಗಿ ದುಂಡಾಗದೆ ಇರುವುದೂ ಇಲ್ಲ. ಸ್ಟೀಲ್ ಬೆಸೆಯುವವರಿಗೆ ಈ ಇಕ್ಕಟ್ಟಿಲ್ಲ. ಅಲ್ಲಿ ಪೆನ್ಸಿಲಿನಂತೆ ಚೂಪಾಗಿ ಅರೆದ ಮೊನೆ ಕೈ ತಪ್ಪಿ ಎಲ್ಲಿಗೂ ತಗುಲದಿದ್ದರೆ ಬಹಳ ಹೊತ್ತು ಹಾಗೆಯೇ ಉಳಿಯುತ್ತದೆ. ಅದೇ ಮೊನೆಯನ್ನು ಅಲ್ಯೂಮಿನಿಯಂ ಮೇಲೆ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಚೂಪು ಹೋಗಿ ಗುಂಡಾಗುತ್ತದೆ. ಲೆಕ್ಕ ತಪ್ಪಿದ್ದರೆ ಆ ಗುಂಡು ಹನಿಯಾಗಿ ಕೆಲಸದ ಮೇಲೆಯೇ ಬೀಳುತ್ತದೆ. ಹೊಸದಾಗಿ ಕಲಿಯುವವರು ಇದಕ್ಕೆ ತಮ್ಮ ಕೈಯನ್ನೇ ದೂರುವುದು ರೂಢಿ. ಕೈಯ ತಪ್ಪೂ ಇರಬಹುದು. ಆದರೆ ಅನೇಕ ಸಲ ತಪ್ಪು ನಡೆದಿರುವುದು ಆರ್ಕ್ ಹೊತ್ತುವ ಮೊದಲೇ: ಕಡ್ಡಿಯನ್ನು ಆರಿಸಿದಾಗ, ಅದನ್ನು ಅರೆದಾಗ, ಇಲ್ಲವೇ ಯಂತ್ರದ ಒಂದು ತಿರುಪನ್ನು ಉಲ್ಟಾ ತಿರುಗಿಸಿದಾಗ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ಎಂದೇ ಹೆಸರಾದ ಈ ವಿಧಾನದಲ್ಲಿ ಕಡ್ಡಿ ಬೆಸುಗೆಗೆ ಲೋಹ ಕೊಡುವುದಿಲ್ಲ. ಸಾಮಾನ್ಯ ಆರ್ಕ್ ವೆಲ್ಡಿಂಗಿನ ರಾಡ್ ಉರಿದು ಕರಗಿ ಜೋಡಣೆಯೊಳಗೆ ಸೇರಿಹೋಗುತ್ತದೆ. ಟಿಗ್‌ನಲ್ಲಿ ಟಂಗ್‌ಸ್ಟನ್ ಆರ್ಕನ್ನು ಹೊತ್ತು ನಿಲ್ಲುತ್ತದೆ, ಲೋಹ ಬೇಕಿದ್ದರೆ ಇನ್ನೊಂದು ಕೈಯಿಂದ ಫಿಲ್ಲರ್ ರಾಡ್ ಕೊಡಬೇಕು. ಸುತ್ತ ಹರಿಯುವ ಆರ್ಗಾನ್ ಅನಿಲ ಗಾಳಿಯನ್ನು ದೂರ ಇಡುತ್ತದೆ. ಟಂಗ್‌ಸ್ಟನ್ನನ್ನೇ ಆರಿಸಲು ಕಾರಣ ಸರಳ: ಎಲ್ಲ ಲೋಹಗಳಲ್ಲಿ ಅತಿ ಹೆಚ್ಚು ಉಷ್ಣತೆಯಲ್ಲಿ, 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕರಗುವುದು ಇದೇ. ಅಷ್ಟು ಗಟ್ಟಿಗ ಲೋಹದ ತುದಿಯೂ ಅಲ್ಯೂಮಿನಿಯಂ ಕೆಲಸದಲ್ಲಿ ಮೆತ್ತಗಾಗುವುದು ಯಾಕೆ ಎಂಬುದು ತಿಳಿದರೆ ಮುಂದಿನ ತಯಾರಿಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಅದರ ಮೇಲ್ಮೈಯಲ್ಲಿ ಸದಾ ಇರುವ ಆಕ್ಸೈಡ್ ಪೊರೆ ಕರಗುವುದು ಮಾತ್ರ 2,070 ಡಿಗ್ರಿಯ ಆಸುಪಾಸಿನಲ್ಲಿ. ಪೊರೆ ಹಾಗೆಯೇ ಇದ್ದರೆ ಒಳಗಿನ ಲೋಹ ನೀರಾದರೂ ಎರಡು ಅಂಚುಗಳು ಒಂದಕ್ಕೊಂದು ಬೆರೆಯುವುದಿಲ್ಲ. ಟಂಗ್‌ಸ್ಟನ್ ಧನ ಧ್ರುವವಾದಾಗ ಆರ್ಕ್ ಆ ಪೊರೆಯನ್ನು ಒಡೆದು ಕಿತ್ತುಹಾಕುತ್ತದೆ. ತೊಂದರೆಯೆಂದರೆ, ಆಗ ಶಾಖದ ದೊಡ್ಡ ಪಾಲು ಕೆಲಸದ ತುಂಡಿಗೆ ಹೋಗದೆ ಟಂಗ್‌ಸ್ಟನ್ನಿಗೇ ಬಡಿಯುತ್ತದೆ. 2.4 ಮಿ.ಮೀ. ದಪ್ಪದ ಕಡ್ಡಿಯೊಂದು ಡಿಸಿಯಲ್ಲಿ ಋಣ ಧ್ರುವವಾಗಿ 150ರಿಂದ 250 ಆಂಪಿಯರ್ ಹೊರಬಲ್ಲದು. ಧನ ಧ್ರುವವಾದರೆ ಅದೇ ಕಡ್ಡಿಯ ತಾಕತ್ತು 15ರಿಂದ 30 ಆಂಪಿಯರ್‌ಗೆ ಇಳಿದುಬಿಡುತ್ತದೆ. ಎಸಿ ವಿದ್ಯುತ್ತು ಇವೆರಡರ ನಡುವಿನ ರಾಜಿ. ಒಂದು ಅರ್ಧ ಆವರ್ತದಲ್ಲಿ ಪೊರೆ ಹೋಗುತ್ತದೆ, ಇನ್ನೊಂದರಲ್ಲಿ ಲೋಹ ಕರಗುತ್ತದೆ, ಟಂಗ್‌ಸ್ಟನ್ ಸ್ವಲ್ಪ ತಣಿಯುತ್ತದೆ. ಸೆಕೆಂಡಿಗೆ ಹತ್ತಾರು ಸಲ ನಡೆಯುವ ಈ ಅದಲುಬದಲನ್ನು ತಡೆದುಕೊಳ್ಳುವಂತೆ ಮೊನೆಯನ್ನು ಸಿದ್ಧಪಡಿಸುವುದೇ ಇಲ್ಲಿನ ಕೆಲಸ.

ಅಲ್ಯೂಮಿನಿಯಂ ಎಂದರೆ ಹಸಿರು ಬಣ್ಣದ ಶುದ್ಧ ಟಂಗ್‌ಸ್ಟನ್, ಅದಕ್ಕೆ ದುಂಡು ತುದಿ ಎಂಬ ಪಾಠ ಇಂದಿಗೂ ಅನೇಕ ಕಡೆ ಬಾಯಿಪಾಠವಾಗಿ ದಾಟುತ್ತಿದೆ. ಅದು ಸುಳ್ಳಲ್ಲ, ಹಳೆಯದು. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್‌ರಾಪ್ ವಿಮಾನ ಕಾರ್ಖಾನೆಯ ರಸೆಲ್ ಮೆರೆಡಿತ್ ಮೆಗ್ನೀಷಿಯಂ ಬೆಸೆಯಲು ಹೀಲಿಯಂ ಅನಿಲ, ಟಂಗ್‌ಸ್ಟನ್ ಕಡ್ಡಿ ಬಳಸಿ ಈ ವಿಧಾನವನ್ನು ರೂಪಿಸಿದಾಗ ಅದು ಡಿಸಿಯಲ್ಲಿ ನಡೆಯುತ್ತಿತ್ತು. ಎಸಿ ವಿದ್ಯುತ್ತು, ಆರ್ಗಾನ್ ಎರಡೂ ಕೂಡಿಕೊಂಡ ಮೇಲೆ ಅಲ್ಯೂಮಿನಿಯಂ ಬೆಸುಗೆ ಸುಲಭವಾಯಿತು. ಆ ಕಾಲದ ಯಂತ್ರಗಳು ಭಾರಿ ಟ್ರಾನ್ಸ್‌ಫಾರ್ಮರುಗಳು. ಧನ ಋಣ ಎರಡಕ್ಕೂ ಹೆಚ್ಚುಕಡಿಮೆ ಸಮಪಾಲು ಕೊಡುವುದು ಬಿಟ್ಟು ಬೇರೆ ದಾರಿ ಅವುಗಳಿಗಿರಲಿಲ್ಲ. ಟಂಗ್‌ಸ್ಟನ್ ತುದಿ ಹೇಗಿದ್ದರೂ ಕರಗುತ್ತಿತ್ತು. ಹಾಗಾಗಿ ನಯವಾದ ಗುಂಡು ಕಟ್ಟುವ ಶುದ್ಧ ಟಂಗ್‌ಸ್ಟನ್ ಬಳಸಿ, ಮೊದಲೇ ಗುಂಡು ಮಾಡಿಕೊಂಡು ಕೆಲಸಕ್ಕೆ ಇಳಿಯುವುದೇ ಜಾಣತನವಾಗಿತ್ತು. ಇಂದಿನ ಇನ್ವರ್ಟರ್ ಯಂತ್ರಗಳಲ್ಲಿ ಧನದ ಪಾಲು ಎಷ್ಟು, ಋಣದ ಪಾಲು ಎಷ್ಟು ಎಂಬುದನ್ನು ಬೆಸುಗೆಗಾರನೇ ನಿರ್ಧರಿಸುತ್ತಾನೆ. ಹಳೆಯ ನಿಯಮವನ್ನು ಹೊಸ ಯಂತ್ರಕ್ಕೆ ಹೊರಿಸಿದಾಗ ಗುಂಡು ಬೇಕಾದ್ದಕ್ಕಿಂತ ದೊಡ್ಡದಾಗಿ, ಆರ್ಕ್ ಅದರ ಮೈಮೇಲೆಲ್ಲ ಓಡಾಡತೊಡಗುತ್ತದೆ. ಆದ್ದರಿಂದ ಕಡ್ಡಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರ ಯಾವುದು?

ಕಡ್ಡಿಗಳನ್ನು ಗುರುತಿಸುವುದು ಒಂದು ತುದಿಗೆ ಬಳಿದ ಬಣ್ಣದಿಂದ. ಹಸಿರು ಶುದ್ಧ ಟಂಗ್‌ಸ್ಟನ್. ಉಳಿದವುಗಳಲ್ಲಿ ಬೇರೆ ಲೋಹದ ಆಕ್ಸೈಡನ್ನು ಪ್ರತಿಶತ ಸುಮಾರು ಎರಡರವರೆಗೆ ಬೆರೆಸಿರುತ್ತಾರೆ: ಕೆಂಪಿನಲ್ಲಿ ಥೋರಿಯಂ, ಬಿಳಿ ಮತ್ತು ಕಂದಿನಲ್ಲಿ ಜಿರ್ಕೋನಿಯಂ, ಬೂದಿನಲ್ಲಿ ಸೀರಿಯಂ, ಕಪ್ಪು, ಚಿನ್ನ, ನೀಲಿ ಮೂರರಲ್ಲೂ ಲ್ಯಾಂಥನಂ. ಲ್ಯಾಂಥನಂ ಕಡ್ಡಿಗಳಲ್ಲಿ ಕಪ್ಪೆಂದರೆ ಶೇ. 1, ಚಿನ್ನದ ಬಣ್ಣವೆಂದರೆ ಶೇ. 1.5, ನೀಲಿಯೆಂದರೆ ಶೇ. 2. ಈ ಆಕ್ಸೈಡುಗಳ ಉಪಕಾರ ಏನೆಂದರೆ, ಬಿಸಿಯಾದ ತುದಿಯಿಂದ ಎಲೆಕ್ಟ್ರಾನುಗಳು ಹೊರಬೀಳಲು ಬೇಕಾದ ಶಕ್ತಿ ಕಡಿಮೆಯಾಗುತ್ತದೆ. ಆರ್ಕ್ ಬೇಗ ಹೊತ್ತುತ್ತದೆ, ಅಷ್ಟೇ ಕರೆಂಟಿಗೆ ತುದಿ ಕಡಿಮೆ ಕಾಯುತ್ತದೆ, ಆಕಾರ ಹೆಚ್ಚು ಹೊತ್ತು ನಿಲ್ಲುತ್ತದೆ.

ಕೆಂಪು ಕಡ್ಡಿ ಸ್ಟೀಲ್ ಕೆಲಸದಲ್ಲಿ ಹಳೆಯ ಹುಲಿ. ಅಲ್ಯೂಮಿನಿಯಂಗೆ ಅದು ಒಗ್ಗುವುದಿಲ್ಲ. ಎಸಿಯಲ್ಲಿ ಅದರ ತುದಿ ನಯವಾದ ಗುಂಡು ಕಟ್ಟದೆ ಅಲ್ಲಲ್ಲಿ ಸಣ್ಣ ಸಣ್ಣ ಗಂಟು ಏಳಿಸಿಕೊಳ್ಳುತ್ತದೆ, ಆರ್ಕ್ ಆ ಗಂಟಿನಿಂದ ಈ ಗಂಟಿಗೆ ಜಿಗಿಯುತ್ತದೆ. ಅದಲ್ಲದೆ ಥೋರಿಯಂ ವಿಕಿರಣ ಸೂಸುವ ಧಾತು. ಕಡ್ಡಿ ಡಬ್ಬಿಯಲ್ಲಿದ್ದರೆ, ಕೈಯಲ್ಲಿ ಹಿಡಿದರೆ ಅಪಾಯ ಅತ್ಯಲ್ಪ. ಅರೆಯುವಾಗ ಏಳುವ ಧೂಳು ಶ್ವಾಸಕೋಶ ಸೇರುವುದು ಕಳವಳದ ಸಂಗತಿ. ಯಕ್ಷಗಾನದ ಬಯಲಾಟಗಳನ್ನು ಬೆಳಗಿದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ಲಿನಲ್ಲಿ ಬಹುಕಾಲ ಇದ್ದುದೂ ಇದೇ ಥೋರಿಯಂ. ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿ ಅದು ಸಿಗುತ್ತದೆ. ಅದಕ್ಕೆ ಬದಲಾಗಿ ಬಂದ ಸೀರಿಯಂ, ಲ್ಯಾಂಥನಂಗಳೂ ಅದೇ ಮರಳಿನಲ್ಲಿವೆ ಎಂಬುದು ಒಂದು ಸ್ವಾರಸ್ಯ.

ಇನ್ವರ್ಟರ್ ಯಂತ್ರ ಇರುವ ಕಲಿಕೆಗಾರನಿಗೆ ನೀಲಿ ಅಥವಾ ಚಿನ್ನದ ಬಣ್ಣದ ಲ್ಯಾಂಥನಂ ಕಡ್ಡಿಗಿಂತ ಬೇರೆಯದನ್ನು ಹುಡುಕುವ ಅಗತ್ಯವಿಲ್ಲ. ಎಸಿಗೂ ಡಿಸಿಗೂ ಅದು ನಡೆಯುತ್ತದೆ, ಅಂದರೆ ನಾಳೆ ಸ್ಟೇನ್‌ಲೆಸ್ ಸ್ಟೀಲ್ ಬೆಸೆಯಲು ಇನ್ನೊಂದು ಡಬ್ಬಿ ಕೊಳ್ಳಬೇಕಿಲ್ಲ. ಸೀರಿಯಂ ಕಡ್ಡಿ ಕಡಿಮೆ ಕರೆಂಟಿನ ತೆಳು ತಗಡಿನ ಕೆಲಸಕ್ಕೆ ಚೆನ್ನ. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರವೇ ಇದ್ದರೆ ಬಿಳಿಯ ಜಿರ್ಕೋನಿಯಂ ಕಡ್ಡಿ ಹಸಿರಿಗಿಂತ ವಾಸಿ; ಗುಂಡು ಅಷ್ಟೇ ನಯವಾಗಿ ಕಟ್ಟುತ್ತದೆ, ಹೆಚ್ಚು ಕರೆಂಟ್ ತಡೆಯುತ್ತದೆ, ಟಂಗ್‌ಸ್ಟನ್ ಚೂರು ಉಗುಳುವುದೂ ಕಡಿಮೆ. ಆದರೆ ಅದನ್ನು ಡಿಸಿ ಕೆಲಸಕ್ಕೆ ಬಳಸುವಂತಿಲ್ಲ.

ದಪ್ಪದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಅಲ್ಯೂಮಿನಿಯಂಗೆ ಸ್ಥೂಲ ಲೆಕ್ಕ, ತಗಡಿನ ದಪ್ಪದ ಪ್ರತಿ ಮಿಲಿಮೀಟರಿಗೆ 40 ಆಂಪಿಯರ್. 3 ಮಿ.ಮೀ. ತಗಡಿಗೆ 120 ಆಂಪಿಯರ್ ಆಯಿತು. ಆಕ್ಸೈಡ್ ಬೆರೆತ 1.6 ಮಿ.ಮೀ. ಕಡ್ಡಿ ಎಸಿಯಲ್ಲಿ ಸುಮಾರು 60ರಿಂದ 120, 2.4 ಮಿ.ಮೀ. ಕಡ್ಡಿ 100ರಿಂದ 180, 3.2 ಮಿ.ಮೀ. ಕಡ್ಡಿ 160ರಿಂದ 250 ಆಂಪಿಯರ್ ಹೊರುತ್ತವೆ. ಶುದ್ಧ ಟಂಗ್‌ಸ್ಟನ್ನಿಗೆ ಈ ಅಂಕಿಗಳಿಂದ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಕಳೆಯಬೇಕು. ಅಭ್ಯಾಸಕ್ಕೆ 3 ಮಿ.ಮೀ. ಪಟ್ಟಿ ಹಿಡಿದವನಿಗೆ 2.4 ಮಿ.ಮೀ. ಕಡ್ಡಿ ಸಾಕು. ತೆಳುವಾದ ಕಡ್ಡಿಗೆ ಹೆಚ್ಚು ಕರೆಂಟ್ ಕೊಟ್ಟರೆ ತುದಿ ಕರಗಿ ಬೀಳುತ್ತದೆ. ದಪ್ಪ ಕಡ್ಡಿಗೆ ಕಡಿಮೆ ಕೊಟ್ಟರೆ ತುದಿ ಸಾಕಷ್ಟು ಕಾಯದೆ ಆರ್ಕ್ ಅಂಚಿನಿಂದ ಅಂಚಿಗೆ ಅಲೆಯುತ್ತದೆ. ಈ ಎರಡನೆಯ ತಪ್ಪು ಕಣ್ಣಿಗೆ ಬೇಗ ಬೀಳುವುದಿಲ್ಲ.

ಇನ್ನು ಅರೆಯುವ ಕೆಲಸ. ಟಂಗ್‌ಸ್ಟನ್ ಗಡಸು, ಜೊತೆಗೆ ಪೆಡಸು. ಪುಡಿಯನ್ನು ಒತ್ತಿ, ಕಾಯಿಸಿ, ಬಡಿದು, ಎಳೆದು ಕಡ್ಡಿ ಮಾಡಿರುವುದರಿಂದ ಅದರ ಕಣರಚನೆ ಉದ್ದಕ್ಕೆ ನಾರುನಾರಾಗಿರುತ್ತದೆ. ಮಾಮೂಲಿ ಬೂದು ಬಣ್ಣದ ಸಾಣೆಕಲ್ಲು ಅದನ್ನು ಅರೆಯುತ್ತದೆ, ಆದರೆ ತಾನೂ ಬೇಗ ಸವೆದು ಗೀರು ಬೀಳುತ್ತದೆ. ವಜ್ರದ ಪುಡಿ ಲೇಪಿಸಿದ ಚಕ್ರ ಎಲ್ಲಕ್ಕಿಂತ ಒಳ್ಳೆಯದು. ಅದು ದುಬಾರಿ ಎನಿಸಿದರೆ ಲೇತ್ ಶಾಪುಗಳಲ್ಲಿ ಕಾರ್ಬೈಡ್ ಟೂಲ್ ಹರಿತ ಮಾಡಲು ಇಟ್ಟಿರುವ ಹಸಿರು ಕಲ್ಲು, ಅಂದರೆ ಸಿಲಿಕಾನ್ ಕಾರ್ಬೈಡ್ ಚಕ್ರ, ಸಾಕಾಗುತ್ತದೆ. ನುಣುಪಾದ ಕಲ್ಲು ಬೇಕು. ಗೀರು ಸಣ್ಣದಾದಷ್ಟೂ ಆರ್ಕ್ ಸ್ಥಿರ. ಕಲ್ಲಿನ ಜಾತಿಗಿಂತ ಮುಖ್ಯವಾದದ್ದು ಅದರ ಮಡಿ. ಟಂಗ್‌ಸ್ಟನ್ನಿಗೆಂದು ಇಟ್ಟ ಕಲ್ಲಿನ ಮೇಲೆ ಬೇರೇನನ್ನೂ ಅರೆಯಬಾರದು. ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಅರೆದ ಕಲ್ಲಿನ ರಂಧ್ರಗಳಲ್ಲಿ ಆ ಲೋಹದ ಕಣ ಕುಳಿತಿರುತ್ತದೆ. ಅದು ಟಂಗ್‌ಸ್ಟನ್ ಮೊನೆಗೆ ಮೆತ್ತಿ, ಅಲ್ಲಿಂದ ಬೆಸುಗೆಗೆ ಇಳಿಯುತ್ತದೆ. ಅಲ್ಯೂಮಿನಿಯಂ ತುಂಬಿಕೊಂಡ ಸಾಮಾನ್ಯ ಸಾಣೆಕಲ್ಲು ಕಾದು ಒಡೆಯುವ ಅಪಾಯವೂ ಉಂಟು. ಇಡೀ ಗ್ಯಾರೇಜಿಗೆ ಒಂದೇ ಗ್ರೈಂಡರ್ ಇರುವ ಕಡೆ ಈ ಮಡಿ ಪಾಲಿಸುವುದು ಕಷ್ಟ. ಅಂಥ ಕಡೆ ಎರಡು ಕಲ್ಲಿನ ಗ್ರೈಂಡರಿನ ಒಂದು ಬದಿಗೆ ದಪ್ಪ ಅಕ್ಷರದಲ್ಲಿ ‘ಟಂಗ್‌ಸ್ಟನ್ ಮಾತ್ರ’ ಎಂದು ಬರೆದು, ಉಳಿದ ಹೊತ್ತಿನಲ್ಲಿ ಅದಕ್ಕೊಂದು ಮುಚ್ಚಳ ಹಾಕಿಡುವುದೇ ಉಪಾಯ.

ಅರೆಯುವ ದಿಕ್ಕಿನ ಬಗ್ಗೆ ರಾಜಿಯೇ ಇಲ್ಲ. ಕಡ್ಡಿ ಕಲ್ಲಿನ ಅಚ್ಚಿಗೆ ಅಡ್ಡವಾಗಿ, ಅಂದರೆ ಕಲ್ಲು ತಿರುಗುವ ದಿಕ್ಕಿನ ಗುಂಟ ಇರಬೇಕು. ಆಗ ಮೊನೆಯ ಮೇಲೆ ಮೂಡುವ ಗೀರುಗಳು ಕಡ್ಡಿಯ ಉದ್ದಕ್ಕೆ ಓಡುತ್ತವೆ, ಎಲೆಕ್ಟ್ರಾನುಗಳ ಹರಿವೂ ಅದೇ ದಿಕ್ಕಿನಲ್ಲಿ ತುದಿಗೆ ಸಾಗುತ್ತದೆ. ಕಡ್ಡಿಯನ್ನು ಕಲ್ಲಿಗೆ ಪಕ್ಕದಿಂದ ಒತ್ತಿ ಸುತ್ತಿಸಿದರೆ ಮೊನೆಯ ಸುತ್ತ ಬಳೆಬಳೆಯಾಗಿ ಗೀರುಗಳು ಬೀಳುತ್ತವೆ. ಪ್ರತಿ ಬಳೆಯ ಏಣಿನಿಂದಲೂ ಆರ್ಕ್ ಹೊರಡಲು ನೋಡುತ್ತದೆ, ತುದಿಗೆ ಬರುವ ಮೊದಲೇ ಬದಿಯಿಂದ ಜಿಗಿಯುತ್ತದೆ. ಸ್ಟೀಲ್ ಮೇಲಿನ ಡಿಸಿ ಕೆಲಸದಲ್ಲಿ ಇದು ಎದ್ದು ಕಾಣುತ್ತದೆ. ಅಲ್ಯೂಮಿನಿಯಂನಲ್ಲಿ ತುದಿ ಕರಗಿ ದುಂಡಾಗುವುದರಿಂದ ಒಂದಿಷ್ಟು ಮುಚ್ಚಿಹೋಗುತ್ತದಾದರೂ, ಏಣಿನ ಚೂರು ಕರಗಿ ಬೆಸುಗೆಗೆ ಉದುರುವ ಸಂಭವ ಉಳಿದೇ ಇರುತ್ತದೆ. ಕಲ್ಲಿನ ಹೊರಸುತ್ತಿನ ಮುಖದ ಮೇಲೆ ಅರೆಯಬೇಕು, ಪಕ್ಕದ ಮೇಲಲ್ಲ. ಬೆಂಚ್ ಗ್ರೈಂಡರಿನ ಸಾಮಾನ್ಯ ಕಲ್ಲು ಪಕ್ಕದಿಂದ ಬರುವ ಒತ್ತಡಕ್ಕೆ ಮಾಡಿದ್ದಲ್ಲ.

ಅರೆಯುವಾಗ ಕಡ್ಡಿಯನ್ನು ಬೆರಳುಗಳ ನಡುವೆ ಒಂದೇ ಸಮನೆ ಹೊರಳಿಸುತ್ತಿರಬೇಕು. ಹೊರಳಿಸುವ ಕೈ ಅಲ್ಲಲ್ಲಿ ನಿಂತರೆ ಮೊನೆಗೆ ಪಟ್ಟೆಗಳು ಬಿದ್ದು ತುದಿ ಮಧ್ಯದಿಂದ ಸರಿಯುತ್ತದೆ. ಕಾರ್ಡ್‌ಲೆಸ್ ಡ್ರಿಲ್ಲಿನ ಚಕ್ಕಿನಲ್ಲಿ ಕಡ್ಡಿ ಕಚ್ಚಿಸಿ, ನಿಧಾನ ವೇಗದಲ್ಲಿ ತಿರುಗಿಸುತ್ತ ಕಲ್ಲಿಗೆ ಮುಟ್ಟಿಸುವುದು ಹೊಸಬರಿಗೆ ಒಳ್ಳೆಯ ಊರುಗೋಲು. ಮೊನೆ ಮಧ್ಯಕ್ಕೆ ಸರಿಯಾಗಿ ಬರುತ್ತದೆ, ಕೈಯೂ ಕಲ್ಲಿನಿಂದ ದೂರ ಇರುತ್ತದೆ. ಒತ್ತಡ ಹಗುರವಾಗಿರಲಿ. ಬಲವಾಗಿ ಒತ್ತಿದರೆ ಕಡ್ಡಿ ಕಾದು ನೀಲಿಗಟ್ಟುತ್ತದೆ, ತುದಿಯಲ್ಲಿ ಬಿರುಕು ಬಿಡಬಹುದು. ಗ್ರೈಂಡರಿನ ಆಧಾರಪಟ್ಟಿಗೂ ಕಲ್ಲಿಗೂ ನಡುವೆ ಸಾಮಾನ್ಯವಾಗಿ ಬಿಡುವ 3 ಮಿ.ಮೀ. ಸಂದು 2.4 ಮಿ.ಮೀ. ಕಡ್ಡಿಯನ್ನು ನುಂಗುವಷ್ಟಿದೆ. ಈ ಕೆಲಸಕ್ಕೆ ಪಟ್ಟಿಯನ್ನು ಇನ್ನೂ ಹತ್ತಿರ ತಂದು ಬಿಗಿಯಬೇಕು. ಕಣ್ಣಿಗೆ ಕನ್ನಡಕ, ಮುಖಕ್ಕೆ ಶೀಲ್ಡ್, ಮೂಗಿಗೆ ಧೂಳು ತಡೆಯುವ ಮಾಸ್ಕ್ ಇರಲಿ. ಕೈಗವಸು ಬೇಡ, ತಿರುಗುವ ಕಲ್ಲು ಬಟ್ಟೆಯನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಕೆಂಪು ಕಡ್ಡಿಯನ್ನೇ ಅರೆಯಬೇಕಾಗಿ ಬಂದರೆ ಧೂಳು ಹೀರುವ ವ್ಯವಸ್ಥೆ ಇಲ್ಲದ ಕಡೆ ಅರೆಯದಿರುವುದು ಲೇಸು. ಬಿದ್ದ ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಮೊನೆ ಎಷ್ಟು ಉದ್ದ ಇರಬೇಕು? ಸ್ಟೀಲಿಗೆ ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು ಉದ್ದದ ಇಳಿಜಾರು ವಾಡಿಕೆ. ಕೋನದ ಲೆಕ್ಕದಲ್ಲಿ ಅದು ಸುಮಾರು 28ರಿಂದ 23 ಡಿಗ್ರಿ. ಅಷ್ಟು ಸಣ್ಣ ಮೊನೆಯಲ್ಲಿ ಲೋಹ ಕಡಿಮೆ. ಎಸಿಯ ಧನ ಭಾಗದಲ್ಲಿ ಬಡಿಯುವ ಶಾಖ ಹಿಂದಕ್ಕೆ ಹರಿದು ಹೋಗಲು ದಾರಿ ಸಾಲದೆ ತುದಿ ಕರಗಿ ಕುಗ್ಗುತ್ತದೆ. ಅಲ್ಯೂಮಿನಿಯಂಗೆ ಇಳಿಜಾರು ಗಿಡ್ಡವಾಗಿರಲಿ: ದಪ್ಪದ ಒಂದರಿಂದ ಒಂದೂವರೆ ಪಟ್ಟು ಸಾಕು. 2.4 ಮಿ.ಮೀ. ಕಡ್ಡಿಗೆ ಎರಡೂವರೆಯಿಂದ ಮೂರೂವರೆ ಮಿಲಿಮೀಟರ್ ಉದ್ದ ಎಂದಾಯಿತು. ಆಮೇಲೆ ಕಡ್ಡಿಯನ್ನು ಕಲ್ಲಿಗೆ ನೆಟ್ಟಗೆ ಹಿಡಿದು ಚೂಪು ತುದಿಯನ್ನು ಒಂದು ಕ್ಷಣ ಮುಟ್ಟಿಸಿ ಅರ್ಧ ಮಿಲಿಮೀಟರಿನಷ್ಟು ಅಗಲದ ಚಪ್ಪಟೆ ಮಾಡಬೇಕು. ಈ ಕೊನೆಯ ಸ್ಪರ್ಶವನ್ನು ಬಿಟ್ಟುಬಿಡುವವರೇ ಹೆಚ್ಚು. ಸೂಜಿಯಂಥ ತುದಿಯನ್ನು ಹಾಗೆಯೇ ಬಿಟ್ಟರೆ ಮೊದಲ ಆರ್ಕಿಗೇ ಅದು ಕಳಚಿ ಬೆಸುಗೆಯೊಳಗೆ ಬಿದ್ದುಹೋಗುತ್ತದೆ. ಟಂಗ್‌ಸ್ಟನ್ನಿನ ಸಾಂದ್ರತೆ ಹೆಚ್ಚುಕಡಿಮೆ ಚಿನ್ನದಷ್ಟೇ, ಅಲ್ಯೂಮಿನಿಯಂಗಿಂತ ಏಳು ಪಟ್ಟು. ಹಾಗೆ ಬಿದ್ದ ಚೂರು ಎಕ್ಸ್‌ರೇ ಪರೀಕ್ಷೆಯ ಫಿಲ್ಮಿನಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ವಿಮಾನದ ಭಾಗವೋ ಒತ್ತಡದ ಪಾತ್ರೆಯೋ ಆಗಿದ್ದರೆ ಅದೊಂದೇ ಚುಕ್ಕೆ ತುಂಡು ತಿರಸ್ಕಾರವಾಗಲು ಸಾಕಾಗಬಹುದು. ಒಂದು, ಒಂದೂವರೆ ಮಿಲಿಮೀಟರಿನ ತೆಳು ತಗಡಿಗೆ ಮಾತ್ರ, ಇನ್ವರ್ಟರ್ ಯಂತ್ರದಲ್ಲಿ, ಸ್ವಲ್ಪ ಉದ್ದನೆಯ ಮೊನೆ ನಡೆಯುತ್ತದೆ. ಕರೆಂಟ್ ಕಡಿಮೆ ಇರುವುದರಿಂದ ಅದು ಉಳಿಯುತ್ತದೆ, ಆರ್ಕ್ ಬೇಕಾದಲ್ಲಿಗೆ ನೆಟ್ಟಗೆ ಇಳಿಯುತ್ತದೆ.

ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರದವರು ಹಸಿರು ಅಥವಾ ಬಿಳಿ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕತ್ತರಿಸಿ, ಸ್ವಚ್ಛವಾದ ತಾಮ್ರದ ತುಂಡಿನ ಮೇಲೆ ಆರ್ಕ್ ಹೊತ್ತಿಸಿ, ಕರೆಂಟನ್ನು ಮೆಲ್ಲಗೆ ಏರಿಸುತ್ತ ಗುಂಡು ಕಟ್ಟಿಸಬಹುದು. ಗುಂಡು ಕಡ್ಡಿಯಷ್ಟೇ ದಪ್ಪ ಇದ್ದರೆ ಚೆನ್ನ, ಒಂದೂವರೆ ಪಟ್ಟಿಗಿಂತ ದೊಡ್ಡದಾದರೆ ಕತ್ತರಿಸಿ ಮತ್ತೆ ಮಾಡಬೇಕು. ಇನ್ವರ್ಟರ್‌ನಲ್ಲಿ ಈ ಶಾಸ್ತ್ರ ಬೇಡವೇ ಬೇಡ. ಚಪ್ಪಟೆ ತುದಿಯ ಮೊನೆ ಬಳಕೆಯಲ್ಲಿ ತಾನೇ ಸಣ್ಣ ಗುಮ್ಮಟದಂತೆ ದುಂಡಾಗಿ ಅಲ್ಲಿಗೆ ನಿಲ್ಲುತ್ತದೆ.

ಅರೆದ ಕಡ್ಡಿಯನ್ನು ಅಸಿಟೋನಿನಲ್ಲಿ ಒರೆಸಿ ಟಾರ್ಚಿಗೆ ಹಾಕಬೇಕು. ಟಾರ್ಚಿನೊಳಗೆ ಕಡ್ಡಿಯನ್ನು ಹಿಡಿಯುವ ಕೋಲೆಟ್ ಅದರ ದಪ್ಪಕ್ಕೆ ಸರಿಯಾದದ್ದೇ ಇರಬೇಕು. ಹಿಡಿತ ಸಡಿಲವಾದರೆ ಅಲ್ಲೇ ಕಿಡಿ ಹಾರಿ ಕೋಲೆಟ್ಟೂ ಕಡ್ಡಿಯೂ ಅಂಟಿಕೊಳ್ಳುತ್ತವೆ. ಸಿರಾಮಿಕ್ ಕಪ್ಪಿನ ಹೊರಗೆ ಮೊನೆ 3ರಿಂದ 6 ಮಿ.ಮೀ. ಚಾಚಿದರೆ ಸಾಕು. ಒಳಮೂಲೆಯ ಜೋಡಣೆಗೆ ಇನ್ನಷ್ಟು ಬೇಕಾಗುತ್ತದೆ, ಆಗ ಗ್ಯಾಸ್ ಲೆನ್ಸ್ ಹಾಕಿದರೆ ಅನಿಲ ಚದುರದೆ ಹರಿಯುತ್ತದೆ. ಕಪ್ಪಿನ ಮೇಲಿನ ಸಂಖ್ಯೆ ಅದರ ಬಾಯಿಯನ್ನು ಇಂಚಿನ ಹದಿನಾರನೇ ಭಾಗಗಳಲ್ಲಿ ಹೇಳುತ್ತದೆ: 6 ಎಂದರೆ ಒಂಬತ್ತೂವರೆ ಮಿ.ಮೀ., 8 ಎಂದರೆ ಅರ್ಧ ಇಂಚು. 2.4 ಮಿ.ಮೀ. ಕಡ್ಡಿಗೆ 6ರಿಂದ 8ರ ಕಪ್, ನಿಮಿಷಕ್ಕೆ 7ರಿಂದ 10 ಲೀಟರ್ ಆರ್ಗಾನ್ ಹೊಂದುತ್ತದೆ. ಆರ್ಗಾನ್ ಶುದ್ಧವಾಗಿರಬೇಕು. ಮಿಗ್ ಯಂತ್ರಕ್ಕೆ ತಂದ ಕಾರ್ಬನ್ ಡೈಆಕ್ಸೈಡ್ ಬೆರೆತ ಸಿಲಿಂಡರನ್ನು ತಪ್ಪಿ ಜೋಡಿಸಿದರೆ ಎಷ್ಟೇ ಚೆನ್ನಾಗಿ ಅರೆದ ಮೊನೆಯೂ ಕ್ಷಣಾರ್ಧದಲ್ಲಿ ಸುಟ್ಟು ಕರಕಲಾಗುತ್ತದೆ. ಆರ್ಕ್ ಹೊತ್ತಿಸಲು ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಇರುವ ಯಂತ್ರವೇ ಬೇಕು. ಮೊನೆಯನ್ನು ಅಲ್ಯೂಮಿನಿಯಂಗೆ ಮುಟ್ಟಿಸಿ ಎತ್ತುವ ವಿಧಾನದಲ್ಲಿ ಮೊನೆ ಮೊದಲ ಮುಟ್ಟಿಗೇ ಕೆಡುತ್ತದೆ.

ಬೆಸುಗೆ ನಿಲ್ಲಿಸಿದ ಮೇಲೂ ಅನಿಲ ಹರಿಯುತ್ತಿರಬೇಕು. ಕೆಂಪಗೆ ಕಾದ ಟಂಗ್‌ಸ್ಟನ್ನಿಗೆ ಗಾಳಿ ಸೋಕಿದರೆ ಅದು ಉರಿದು ಆಕ್ಸೈಡ್ ಆಗುತ್ತದೆ. ಪ್ರತಿ 10 ಆಂಪಿಯರಿಗೆ ಒಂದು ಸೆಕೆಂಡು ಎಂಬ ಲೆಕ್ಕದಲ್ಲಿ 120 ಆಂಪಿಯರಿನ ಕೆಲಸಕ್ಕೆ 12 ಸೆಕೆಂಡು ಪೋಸ್ಟ್‌ಫ್ಲೋ ಇಡಬೇಕು, ಅಷ್ಟು ಹೊತ್ತೂ ಟಾರ್ಚನ್ನು ಇದ್ದಲ್ಲೇ ಹಿಡಿದಿರಬೇಕು. ಆರ್ಗಾನ್ ಉಳಿಸಲೆಂದು ಇದನ್ನು ಎರಡು ಮೂರು ಸೆಕೆಂಡಿಗೆ ಇಳಿಸುವ ಚಟ ಅನೇಕ ವರ್ಕ್‌ಶಾಪುಗಳಲ್ಲಿದೆ. ಉಳಿದ ಅನಿಲದ ಕಾಸು ಹಾಳಾದ ಕಡ್ಡಿಗೂ ಮತ್ತೆ ಅರೆಯುವ ಹೊತ್ತಿಗೂ ಹೋಗುತ್ತದೆ.

ಮೊನೆಯ ಆಯುಸ್ಸನ್ನು ಅರೆಯುವ ಕೈಯಷ್ಟೇ ಯಂತ್ರದ ಎಸಿ ಬ್ಯಾಲೆನ್ಸ್ ತಿರುಪೂ ನಿರ್ಧರಿಸುತ್ತದೆ. ಋಣದ ಪಾಲು ಶೇ. 70ರ ಸುಮಾರಿನಿಂದ ಶುರು ಮಾಡುವುದು ಸುರಕ್ಷಿತ. ಪೊರೆ ಸರಿಯಾಗಿ ಹೋಗದೆ ಕರಗಿದ ಲೋಹದ ಮೇಲೆ ಮಂಕು ಕೆನೆ ತೇಲುತ್ತಿದ್ದರೆ ಧನದ ಪಾಲನ್ನು ಕೊಂಚ ಏರಿಸಬೇಕು. ಮೊನೆಯ ಗುಂಡು ಉಬ್ಬುತ್ತಿದ್ದರೆ ಇಳಿಸಬೇಕು. ಇಲ್ಲೊಂದು ತೊಡಕು ಇದೆ. ಕೆಲವು ಕಂಪನಿಗಳ ಯಂತ್ರ ಋಣದ ಪಾಲನ್ನು ತೋರಿಸುತ್ತದೆ, ಕೆಲವು ‘ಕ್ಲೀನಿಂಗ್’ ಎಂದು ಧನದ ಪಾಲನ್ನು ತೋರಿಸುತ್ತವೆ. ಒಂದರಲ್ಲಿ 70 ಎಂದಿರುವುದು ಇನ್ನೊಂದರಲ್ಲಿ 30. ಯಂತ್ರದ ಕೈಪಿಡಿ ನೋಡದೆ ಬೇರೆಯವರ ಅಂಕಿಯನ್ನು ಎರವಲು ತಂದರೆ ಮೊನೆ ಕಣ್ಣೆದುರೇ ಕರಗಿ ಇಳಿಯುತ್ತದೆ. ಫ್ರೀಕ್ವೆನ್ಸಿಯನ್ನು 80ರಿಂದ 120 ಹರ್ಟ್ಸ್‌ಗೆ ಇಟ್ಟರೆ ಆರ್ಕ್ ಕಿರಿದಾಗಿ ನೆಟ್ಟಗೆ ನಿಲ್ಲುತ್ತದೆ, ಒಳಮೂಲೆಯ ಕೆಲಸದಲ್ಲಿ ಇದರ ಅನುಕೂಲ ಕಾಣುತ್ತದೆ.

ಮೊದಲ ಒಂದೆರಡು ಇಂಚು ಬೆಸುಗೆ ಆದ ಮೇಲೆ ಟಾರ್ಚ್ ತಿರುಗಿಸಿ ಮೊನೆಯನ್ನು ನೋಡುವ ಅಭ್ಯಾಸ ಬೆಳೆಸಿಕೊಂಡರೆ ಅರ್ಧ ಪಾಠ ಅಲ್ಲೇ ಸಿಗುತ್ತದೆ. ತುದಿ ಬೆಳ್ಳಿಯಂತೆ ಹೊಳೆಯುತ್ತ, ಸಣ್ಣ ಗುಮ್ಮಟವಾಗಿದ್ದರೆ ಎಲ್ಲವೂ ಸರಿ. ಗುಂಡು ಕಡ್ಡಿಗಿಂತ ದಪ್ಪವಾಗಿ, ಆರ್ಕ್ ಉರಿಯುವಾಗ ಅಲುಗಾಡುತ್ತಿದ್ದರೆ ಕರೆಂಟ್ ಹೆಚ್ಚು, ಇಲ್ಲವೇ ಧನದ ಪಾಲು ಹೆಚ್ಚು. ಗುಂಡು ಒಂದು ಪಕ್ಕಕ್ಕೆ ವಾಲಿದ್ದರೆ ಮೊನೆಯನ್ನು ಓರೆಯಾಗಿ ಅರೆದದ್ದೇ ಕಾರಣ. ಹೊಳಪು ಹೋಗಿ ನೀಲಿ, ನೇರಳೆ ಛಾಯೆ ಬಂದಿದ್ದರೆ ಪೋಸ್ಟ್‌ಫ್ಲೋ ಸಾಲದು. ಹಳದಿ ಪುಡಿ ಕಂಡರೆ ಅದು ಟಂಗ್‌ಸ್ಟನ್ ಆಕ್ಸೈಡ್: ಕಾದ ಕಡ್ಡಿಗೆ ಚೆನ್ನಾಗಿಯೇ ಗಾಳಿ ತಗುಲಿದೆ, ಹೋಸಿನಲ್ಲೋ ಬ್ಯಾಕ್ ಕ್ಯಾಪಿನ ರಬ್ಬರ್ ರಿಂಗಿನಲ್ಲೋ ಸೋರಿಕೆ ಹುಡುಕಬೇಕು, ಫ್ಯಾನ್ ತಿರುಗುತ್ತಿದೆಯೇ ನೋಡಬೇಕು. ಮೊನೆ ಬೂದುಗಪ್ಪಾಗಿ, ಮೈ ಒರಟಾಗಿ, ಬೆಸುಗೆಯ ಸುತ್ತ ಮಸಿ ಹರಡಿದ್ದರೆ ಅಲ್ಯೂಮಿನಿಯಂ ಮೊನೆಗೆ ಮೆತ್ತಿದೆ ಎಂದು ಅರ್ಥ.

ಈ ಕೊನೆಯದು ಎಲ್ಲ ಕಲಿಕೆಗಾರರಿಗೂ ಆಗುವಂಥದ್ದು. ಮೊನೆ ಮತ್ತು ಕರಗಿದ ಲೋಹದ ನಡುವಿನ ಅಂತರ ಎರಡು ಮೂರು ಮಿಲಿಮೀಟರ್ ಮಾತ್ರ. ಕೈ ಒಂದು ಕ್ಷಣ ಇಳಿದರೆ ಮೊನೆ ಅದ್ದಿತು, ಫಿಲ್ಲರ್ ರಾಡ್ ಸ್ವಲ್ಪ ಎತ್ತರದಲ್ಲಿ ಬಂದರೆ ಅದು ಮೊನೆಗೇ ತಾಗಿತು. ಅಲ್ಯೂಮಿನಿಯಂ ಸುಮಾರು 2,500 ಡಿಗ್ರಿಯಲ್ಲಿ ಕುದಿಯುತ್ತದೆ, ಟಂಗ್‌ಸ್ಟನ್ ತುದಿ ಅದಕ್ಕಿಂತ ಬಿಸಿ. ಮೆತ್ತಿದ ಲೋಹ ಸಿಡಿದು ಹಾರುತ್ತದೆ, ಆರ್ಕ್ ದಿಕ್ಕು ತಪ್ಪುತ್ತದೆ. ಹಾಗೆಯೇ ಮುಂದುವರಿಸಿದರೆ ಸರಿಹೋದೀತು ಎಂಬುದು ಹುಸಿ ಆಸೆ. ಸ್ವಲ್ಪವೇ ಮೆತ್ತಿದ್ದರೆ ಕೆಲವರು ಬೇರೊಂದು ಚೂರಿನ ಮೇಲೆ ಆರ್ಕ್ ಹಿಡಿದು ಸುಟ್ಟು ತೆಗೆಯುತ್ತಾರೆ. ಮೇಜು ಕುರ್ಚಿಯ ಕೆಲಸಕ್ಕೆ ನಡೆದೀತು, ಭಾರ ಹೊರುವ ಜೋಡಣೆಗೆ ಸಲ್ಲದು. ನಿಲ್ಲಿಸಿ, ಕಡ್ಡಿ ತೆಗೆದು, ಮೆತ್ತಿದ ಭಾಗವನ್ನು ಕತ್ತರಿಸಿ ಮತ್ತೆ ಅರೆಯುವುದೇ ಸರಿ. ಮೆತ್ತಿದ ಅಲ್ಯೂಮಿನಿಯಂ ಸಮೇತ ಕಲ್ಲಿಗೆ ಹಿಡಿದರೆ ಅಷ್ಟು ದಿನ ಕಾಪಾಡಿದ ಕಲ್ಲೂ ಕೆಡುತ್ತದೆ. ಕತ್ತರಿಸಲು ತೆಳುವಾದ ವಜ್ರದ ಡಿಸ್ಕ್ ಒಳ್ಳೆಯದು. ಇಲ್ಲವಾದರೆ ಕಲ್ಲಿನ ಅಂಚಿನಿಂದ ಸುತ್ತ ಒಂದು ಕಚ್ಚು ಮಾಡಿ, ಎರಡು ಇಕ್ಕಳಗಳಿಂದ ಎರಡೂ ಬದಿ ಹತ್ತಿರ ಹಿಡಿದು ಮುರಿಯಬಹುದು. ಸುತ್ತಿಗೆಯಿಂದ ಬಡಿದರೆ ಕಡ್ಡಿ ಉದ್ದಕ್ಕೆ ಸೀಳುತ್ತದೆ. ಆ ಸೀಳು ಹೊರಗೆ ಕಾಣದೆ ಉಳಿದು, ಬೆಸೆಯುವಾಗ ತುದಿ ಎರಡಾಗಿ ಬಿರಿಯುತ್ತದೆ.

ಪದೇ ಪದೇ ಗ್ರೈಂಡರಿಗೆ ಓಡುವ ಬೇಸರ ತಪ್ಪಿಸಲು ಒಂದು ಡಬ್ಬಿಯ ಹತ್ತೂ ಕಡ್ಡಿಗಳನ್ನು ಒಮ್ಮೆಗೇ ಅರೆದು ಇಟ್ಟುಕೊಳ್ಳುವುದು ಅನುಭವಸ್ಥರ ರೂಢಿ. ಕೆಟ್ಟ ಕಡ್ಡಿಗಳು ಬೇರೆ ಡಬ್ಬಿಗೆ, ಎಲ್ಲ ಕೆಟ್ಟ ಮೇಲೆ ಮತ್ತೆ ಒಟ್ಟಿಗೆ ಕಲ್ಲಿಗೆ. ಎರಡೂ ತುದಿ ಅರೆದರೆ ಲಾಭ ಎನಿಸುತ್ತದೆ. ಬಣ್ಣದ ಗುರುತು ಅಳಿಸಿದ ಮೇಲೆ ಕೆಂಪು ಯಾವುದು ನೀಲಿ ಯಾವುದು ಎಂದು ಹೇಳಲು ಬರುವುದಿಲ್ಲವಾದ್ದರಿಂದ, ಎರಡು ಬಗೆಯ ಕಡ್ಡಿ ಇರುವ ಕಡೆ ಬಣ್ಣದ ತುದಿಯನ್ನು ಮುಟ್ಟದಿರುವುದೇ ಒಳ್ಳೆಯದು. ಅರೆದು ಅರೆದು ಗಿಡ್ಡವಾದ ಕಡ್ಡಿಗೆ ಚಿಕ್ಕ ಬ್ಯಾಕ್ ಕ್ಯಾಪ್ ಹಾಕಿ ಇಕ್ಕಟ್ಟಿನ ಜಾಗದ ಕೆಲಸಕ್ಕೆ ಬಳಸಬಹುದು. ಕೋಲೆಟ್ಟಿನ ಹಿಡಿತಕ್ಕೂ ಸಿಗದಷ್ಟು ಚಿಕ್ಕ ತುಂಡುಗಳನ್ನು ಕೆಂಪನ್ನು ಬೇರೆ ಮಾಡಿ ಕೂಡಿಟ್ಟರೆ, ಟಂಗ್‌ಸ್ಟನ್ ಕಾರ್ಬೈಡ್ ಕೊಳ್ಳುವ ಗುಜರಿ ವ್ಯಾಪಾರಿಗಳು ಅದಕ್ಕೂ ಬೆಲೆ ಕೊಡುತ್ತಾರೆ.